ಒಳಕ್ಕೆ ಎಂದರೆ ಮೇಲಕ್ಕೆ

ಮೊಣಕಾಲಿನ ಕೆಳಗೆ ಕೈಯಾಡಿಸಿದರೆ ಎದುರಿಗೇ ನೆಟ್ಟನೆಯ ಮೂಳೆ ಸಿಗುತ್ತದೆ. ಅದರ ಹೊರಮಗ್ಗುಲಿಗೆ ಅಂಟಿಕೊಂಡು ಉದ್ದನೆಯ ಸ್ನಾಯುವೊಂದು ಇಳಿದು ಹೋಗುತ್ತದೆ. ಪಾದವನ್ನು ಮೇಲಕ್ಕೆತ್ತಿದರೆ ಅದು ಗಟ್ಟಿಯಾಗುತ್ತದೆ, ಕೈಯಿಟ್ಟು ನೋಡಿದರೆ ತಿಳಿಯುತ್ತದೆ. ಯಾರೂ ನೋಡುವುದಿಲ್ಲ. ಇದ್ದವರಿಗೆ ಅದರ ಗೊಡವೆ ಯಾಕೆ ಬೇಕು? ನನ್ನ ಬಲಗಾಲಿನಲ್ಲಿ ಅದು ಇಲ್ಲ. ನಾನಿನ್ನೂ ಸರಿಯಾಗಿ ನಡೆಯಲು ಕಲಿಯುತ್ತಿದ್ದಾಗ ಒಂದು ಜ್ವರ ಬಂತಂತೆ. ಹೋಗುವಾಗ ಸುಮ್ಮನೆ ಹೋಗಲಿಲ್ಲ, ಆ ಸ್ನಾಯುವಿನ ಜೀವವನ್ನೂ ಕಟ್ಟಿಕೊಂಡು ಹೋಯಿತು. ಪೋಲಿಯೊ ಎಂಬ ಹೆಸರು ನಮ್ಮ ಮನೆಯವರ ಕಿವಿಗೆ ಬಿದ್ದದ್ದು ಎಷ್ಟೋ ವರ್ಷದ ಮೇಲೆ. ಅಲ್ಲಿಯವರೆಗೆ ನಾನು ಕಾಲು ಸೊರಗಿದ ಹುಡುಗಿ, ಅಷ್ಟೇ.

ನಮ್ಮದು ನ್ಯಾಮತಿ. ಅವ್ವನ ತವರು ಜಗಳೂರು. ಅಪ್ಪ ಚನ್ನಗಿರಿಯ ಅಡಿಕೆ ಮಂಡಿಯೊಂದರಲ್ಲಿ ತೂಕದ ಕೆಲಸಕ್ಕಿದ್ದ, ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ. ಹೊನ್ನಾಳಿಯಲ್ಲಿ ನಮ್ಮವರು ಅಂತ ಯಾರೂ ಇರಲಿಲ್ಲ, ಆದರೆ ಹೊಳೆ ಇತ್ತು. ಈ ನಾಲ್ಕೂ ಊರುಗಳಲ್ಲಿ ನನಗಿಂತ ನನ್ನ ಕಾಲಿಗೇ ಹೆಚ್ಚು ಪರಿಚಯಸ್ಥರಿದ್ದರು. ಎದುರಾದವರು ಮೊದಲು ಮುಖ ನೋಡಿ ಮಾತಾಡಿಸುತ್ತಿದ್ದರು, ಆಮೇಲೆ ಬಗ್ಗಿ ನನ್ನ ಮೀನಖಂಡ ಹಿಚುಕುತ್ತಿದ್ದರು, ಸಂತೆಯಲ್ಲಿ ಬದನೆಕಾಯಿ ಹಿಚುಕಿದ ಹಾಗೆ. ಕೇಳಿ ಮುಟ್ಟುವ ಪದ್ಧತಿ ಇರಲಿಲ್ಲ. ಹಿಚುಕಿ ಆದ ಮೇಲೆ ‘ತ್ಚು’ ಎನ್ನುತ್ತಿದ್ದರು. ಆ ‘ತ್ಚು’ ಕೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಎಲ್ಲರ ಕೈಯೂ ಮೀನಖಂಡಕ್ಕೇ ಹೋಗುತ್ತಿದ್ದುದಕ್ಕೆ ಕಾರಣ ಇತ್ತು. ನಮ್ಮ ಕಡೆ ಕಾಲಿನ ಯೋಗ್ಯತೆಯನ್ನು ಅಳೆಯುವುದೇ ಅದರಿಂದ. ಮೂಟೆ ಹೊರುವವನದಾಗಲಿ, ಅಡಿಕೆ ಮರ ಹತ್ತುವವನದಾಗಲಿ, ಹಿಂದಿನಿಂದ ನೋಡಿ ‘ಕಾಲು ಅಂದ್ರೆ ಕಾಲು’ ಎನ್ನುತ್ತಾರೆ. ಮುಂದಿನಿಂದ ಕಾಲು ನೋಡಿ ಹೊಗಳಿದವರನ್ನು ನಾನು ಕಂಡಿಲ್ಲ. ನನ್ನ ಮೀನಖಂಡ ಬಡಕಲಾಗಿತ್ತು, ನಿಜ. ಆದರೆ ಅದಕ್ಕೆ ಜೀವವಿತ್ತು, ಪಾದವನ್ನು ಕೆಳಕ್ಕೆ ಒತ್ತುವ ತನ್ನ ಕೆಲಸವನ್ನು ಅದು ಹೇಗೋ ಮಾಡಿಕೊಂಡು ಹೋಗುತ್ತಿತ್ತು. ಸತ್ತಿದ್ದದ್ದು ಎದುರುಗಡೆಯದು. ಮೂಳೆಯ ಪಕ್ಕದಲ್ಲಿ ತಗ್ಗು ಬಿದ್ದಿದ್ದರೂ ಅದು ಯಾರ ಕಣ್ಣಿಗೂ ಬೀಳಲಿಲ್ಲ. ಹೀಗಾಗಿ ಊರೂರಿನ ಔಷಧಿಯೆಲ್ಲ ಬದುಕಿದ್ದ ಸ್ನಾಯುವಿಗೇ ಸಂದಾಯವಾಯಿತು.

ಬೇಸಿಗೆಯಲ್ಲಿ ಅವ್ವ ನನ್ನನ್ನು ಬಸ್ಸಿನಲ್ಲಿ ಹೊನ್ನಾಳಿಗೆ ಕರೆದೊಯ್ದು ಹೊಳೆಯ ಮರಳಿನಲ್ಲಿ ಮೊಣಕಾಲಿನವರೆಗೆ ಹೂಳುತ್ತಿದ್ದಳು. ಕಾದ ಮರಳು ನರ ಎಬ್ಬಿಸುತ್ತದೆ ಎಂದು ಯಾರೋ ಹೇಳಿದ್ದರು. ಬಿಸಿಲು ನೆತ್ತಿಗೆ ಬಂದಾಗ ನಾನು ನೆಟ್ಟ ಸಸಿಯ ಹಾಗೆ ನಿಂತಿರುತ್ತಿದ್ದೆ. ಬಟ್ಟೆ ಒಗೆಯುವವರು ಮೇಲಿನಿಂದ ಕೆಳಗೆ ನೋಡಿ, ಕೆಳಗೆ ಕಾಲು ಕಾಣದೆ, ಮತ್ತೆ ಮೇಲೆ ನೋಡುತ್ತಿದ್ದರು. ಜಗಳೂರಿಗೆ ಹೋದರೆ ಸೋದರಮಾವ ಸಣ್ಣ ಶೀಸೆಯಲ್ಲಿ ನವಿಲೆಣ್ಣೆ ತರಿಸಿ ಇಟ್ಟಿರುತ್ತಿದ್ದ. ಅದು ನವಿಲಿನದೋ ಕೋಳಿಯದೋ ಆ ಶೀಸೆಗೇ ಗೊತ್ತು. ಅಮ್ಮಮ್ಮ ನನ್ನನ್ನು ಬೋರಲು ಮಲಗಿಸಿಕೊಂಡು, ಹಿಮ್ಮಡಿಯಿಂದ ಮೊಣಕಾಲಿನ ಸಂದಿಯವರೆಗೆ ತಿಕ್ಕಿ, ಕಂಬಳಿ ಸುತ್ತಿ ಬಿಗಿಯುತ್ತಿದ್ದಳು. ಆ ಸುಡು ಊರಿನಲ್ಲಿ ಕಂಬಳಿ! ಕಿತ್ತೆಸೆಯುತ್ತಿದ್ದೆ, ಮತ್ತೆ ಸುತ್ತುತ್ತಿದ್ದರು. ಅವರಿಗೆಲ್ಲ ನನ್ನ ಮೇಲೆ ಪ್ರೀತಿ ಇತ್ತು. ನನಗೂ ಇತ್ತೇನೋ, ಆದರೆ ಆ ವಾಸನೆಯಲ್ಲಿ ಗೊತ್ತಾಗುತ್ತಿರಲಿಲ್ಲ.

ಎದುರಿನ ಸ್ನಾಯು ಇಲ್ಲದಿದ್ದರೆ ಆಗುವುದಿಷ್ಟೇ: ಹೆಜ್ಜೆ ಎತ್ತಿದಾಗ ಪಾದ ಜೋತು ಬೀಳುತ್ತದೆ, ಬೆರಳು ನೆಲ ಸವರುತ್ತದೆ. ಅದಕ್ಕಾಗಿ ಮೊಣಕಾಲನ್ನು ಬೇರೆಯವರಿಗಿಂತ ಎತ್ತರಕ್ಕೆ ಎತ್ತಬೇಕು. ಗದ್ದೆಯ ಕೆಸರಿನಲ್ಲಿ ನಡೆಯುವವರನ್ನು ನೋಡಿದ್ದೀರಲ್ಲ, ನಾನು ಬಜಾರಿನ ರಸ್ತೆಯಲ್ಲಿ ಹಾಗೆ ನಡೆಯುತ್ತಿದ್ದೆ. ರಸ್ತೆ ದೊಡ್ಡ ತೊಂದರೆ ಅಲ್ಲ. ಬಸ್ಸಿನ ಮೆಟ್ಟಿಲೂ ಅಲ್ಲ, ಅಲ್ಲಿ ಹಿಡಿಯಲು ಕಂಬಿ ಇರುತ್ತದೆ. ನನ್ನ ತೊಂದರೆ ನಮ್ಮ ಮನೆಯ ತಲೆಬಾಗಿಲಿನ ಹೊಸ್ತಿಲು.

ಆ ಹೊಸ್ತಿಲು ಮುತ್ತಜ್ಜನ ಕಾಲದ್ದು, ಒಂದೇ ಮರದ ದಪ್ಪ ದಿಮ್ಮಿ, ಈಗಿನ ಮನೆಗಳಲ್ಲಿ ಕಾಣಸಿಗದ ಎತ್ತರ. ಅದರ ಯಜಮಾನಿ ನನ್ನ ಅಜ್ಜಿ, ಅಂದರೆ ಅಪ್ಪನ ತಾಯಿ. ಬೆಳಿಗ್ಗೆ ಎದ್ದು ಅವಳು ಮೊದಲು ಮಾಡುತ್ತಿದ್ದ ಕೆಲಸ ಹೊಸ್ತಿಲು ಸಾರಿಸುವುದು. ಅರಿಸಿನ ಬಳಿದು, ನಡುವೆ ಮೂರು ಬೆರಳಿನಿಂದ ವಿಭೂತಿ ಎಳೆದು, ಎರಡು ತುದಿಗೂ ಕುಂಕುಮ ಇಟ್ಟು, ಹೂ ಏರಿಸಿ, ಆಮೇಲೆ ಚಾ. ಹೊಸ್ತಿಲಿನ ಮೇಲೆ ಲಕ್ಷ್ಮಿ ಕೂತಿರುತ್ತಾಳೆ, ಅದನ್ನು ತುಳಿಯಬಾರದು, ಅದರ ಮೇಲೆ ಕೂರಬಾರದು, ಅದರ ಮೇಲೆ ನಿಂತು ಸೀನಲೂಬಾರದು. ದಾಟಬೇಕು. ಎಲ್ಲರೂ ದಾಟುತ್ತಿದ್ದರು. ನಾನು ದಾಟುವಾಗ ಬಲಗಾಲಿನ ಹೆಬ್ಬೆರಳು ಹಸಿ ಅರಿಸಿನವನ್ನು ಅಡ್ಡಕ್ಕೆ ಸವರಿಕೊಂಡು ಬರುತ್ತಿತ್ತು. ದಿನವಿಡೀ ಆ ಹೆಬ್ಬೆರಳು ಹಳದಿಯಾಗಿರುತ್ತಿತ್ತು. ಶಾಲೆಯಲ್ಲಿ ಅದನ್ನು ಇನ್ನೊಂದು ಪಾದದ ಕೆಳಗೆ ಅಡಗಿಸಿಕೊಂಡು ಕೂರುತ್ತಿದ್ದೆ.

ಅಜ್ಜಿ ಹೊಡೆದವಳಲ್ಲ, ಬೈದವಳೂ ಅಲ್ಲ. ಅಳಿಸಿದ್ದನ್ನು ಮತ್ತೆ ಬಳಿಯುತ್ತಿದ್ದಳು. ಆದರೆ ನಾನು ಸ್ವಲ್ಪ ದೊಡ್ಡವಳಾದ ಮೇಲೆ ಒಂದು ಶುಕ್ರವಾರ, ಪೂಜೆಗೆ ಬಂದಿದ್ದ ನೆಂಟರ ಹೆಂಗಸೊಬ್ಬಳು ‘ಮೊಮ್ಮಗಳು ಲಕ್ಷ್ಮೀನ ಒದ್ಕಂಡೇ ಒಳಗೆ ಬರ್ತಾಳಲ್ರೀ’ ಅಂದಳು. ನಕ್ಕು ಅಂದದ್ದೇ. ಅಜ್ಜಿ ನಗಲಿಲ್ಲ. ಮಾರನೆಯ ಶುಕ್ರವಾರ ನಾನು ಶಾಲೆಯಿಂದ ಬಂದಾಗ ಬಾಗಿಲಲ್ಲೇ ನಿಂತಿದ್ದಳು.

‘ಯವ್ವಾ, ಶುಕ್ರವಾರ ಒಂದಿನ ಹಿತ್ಲಾಗಿಂದ ಬಾರವ್ವ. ಅಲ್ಲಿ ಕಲ್ಲಿನ ಹೊಸ್ಲು, ತಗ್ಗೈತೆ. ನಿಂಗೂ ಸಲೀಸು.’

ಹಿತ್ತಲ ಬಾಗಿಲಿನಿಂದ ಒಳಗೆ ಬರುತ್ತಿದ್ದುದು ಸೌದೆ, ಸಗಣಿ ಮತ್ತು ಬೆಕ್ಕು. ಅವತ್ತಿನಿಂದ ನಾನು. ಮೊದಮೊದಲು ಶುಕ್ರವಾರ ಮಾತ್ರ, ಆಮೇಲೆ ಹಬ್ಬಹರಿದಿನ, ಆಮೇಲೆ ನೆಂಟರು ಬಂದಾಗ. ಅಜ್ಜಿಯ ದನಿಯಲ್ಲಿ ಕೆಟ್ಟತನ ಇರಲಿಲ್ಲ, ಅದಕ್ಕೇ ಹೆಚ್ಚು ನೋವಾಯಿತು. ಸುತ್ತುಹಾಕಿ ಬರುವಾಗ ಮನೆಯ ಪಕ್ಕದ ಸಂದಿಯಲ್ಲಿ ಅತ್ತಿದ್ದೇನೆ. ನನಗೆ ಆಮೇಲೆ ಬೇರೆ ಆಸೆಗಳೆಲ್ಲ ಬಂದವು ಹೋದವು, ಇದೊಂದು ಉಳಿಯಿತು: ತಲೆಬಾಗಿಲಿನಿಂದ, ಶುಕ್ರವಾರದ ದಿನ, ಅರಿಸಿನ ಅಂಟದೆ ಒಳಗೆ ಬರಬೇಕು.

ಎಂಬತ್ತರ ದಶಕ ಶುರುವಾಗಿತ್ತು, ನಾನು ಹೈಸ್ಕೂಲು ಮುಗಿಸಿದ್ದೆ. ಅಪ್ಪನಿಗೆ ಮಂಡಿಯಲ್ಲಿ ಯಾರೋ ಹೇಳಿದ್ದರಿಂದ ನನ್ನನ್ನು ದಾವಣಗೆರೆಯ ಒಬ್ಬ ಮೂಳೆ ಡಾಕ್ಟರ ಹತ್ತಿರ ಕರೆದೊಯ್ದ. ಅವರ ಕೋಣೆಯ ಗೋಡೆಯ ಮೇಲೆ ಚರ್ಮ ಸುಲಿದ ಕೆಂಪು ಮನುಷ್ಯನ ಚಿತ್ರ ಇತ್ತು. ನಾನು ನೋಡಿದ್ದು ಅವನ ಬಲಗಾಲನ್ನು. ತೊಡೆಯ ಮುಂದೆ ನಾಲ್ಕು ಸ್ನಾಯುಗಳು ಸೇರಿ ಮೊಣಕಾಲಿನ ಚಿಪ್ಪಿಗೆ ಬಂದು ಕಟ್ಟಿಕೊಂಡಿದ್ದವು. ಅವುಗಳ ಮೇಲೆ ಸೊಂಟದಿಂದ ಓರೆಯಾಗಿ ಒಂದು ತೆಳು ಪಟ್ಟಿ ಇಳಿದಿತ್ತು. ಅದು ಮನುಷ್ಯನ ಮೈಯಲ್ಲೇ ಅತಿ ಉದ್ದದ್ದು, ನಾವು ಚಕ್ಕಳಮಕ್ಕಳ ಹಾಕಿ ಕೂರುವಾಗ ದುಡಿಯುವುದು ಅದೇ ಎಂದು ಡಾಕ್ಟರು ಹೇಳಿದರು. ಕೆಳಗೆ, ಮುಂಗಾಲಿನ ಮೂಳೆಯ ಪಕ್ಕ, ನನಗೆ ಇಲ್ಲದ್ದು ಅವನಿಗೆ ತುಂಬಿಕೊಂಡಿತ್ತು. ಚರ್ಮವೇ ಇಲ್ಲದವನಿಗೆ ಏನು ಜಂಬ ಅನ್ನಿಸಿತು.

ಡಾಕ್ಟರು ನನ್ನ ಕಾಲು ಹಿಡಿದರು. ನನ್ನ ಜೀವಮಾನದಲ್ಲಿ ಮೊದಲ ಬಾರಿಗೆ ಒಬ್ಬರು ಮೀನಖಂಡ ಬಿಟ್ಟು ಮುಂದುಗಡೆ ಕೈಯಿಟ್ಟರು. ಪಾದ ಮೇಲಕ್ಕೆತ್ತು ಅಂದರು, ಬರಲಿಲ್ಲ. ಒಳಗಡೆಗೆ ತಿರುಗಿಸು ಅಂದರು, ತಿರುಗಿತು. ಅವರ ಮುಖ ಅರಳಿತು. ನೇರಳೆ ಬಣ್ಣದ ಔಷಧಿಯಲ್ಲಿ ಕಡ್ಡಿ ಅದ್ದಿ ನನ್ನ ಕಾಲಿನ ಮೇಲೇ ಗೆರೆ ಎಳೆದು ತೋರಿಸುತ್ತ ಹೇಳಿದರು: ಮೂಳೆಯ ಹಿಂದೆ, ಮೀನಖಂಡಕ್ಕಿಂತಲೂ ಆಳದಲ್ಲಿ, ಒಂದು ಸ್ನಾಯು ಅಡಗಿದೆ. ಪಾದವನ್ನು ಒಳಕ್ಕೆ ಎಳೆಯುವುದು ಅದರ ಕೆಲಸ. ನಿನ್ನಲ್ಲಿ ಅದು ಚೆನ್ನಾಗಿದೆ. ಅದರ ತುದಿಯ ಹುರಿಯನ್ನು ಬಿಡಿಸಿ, ಎರಡು ಮೂಳೆಗಳ ನಡುವಿನಿಂದ ಮುಂದಕ್ಕೆ ತಂದು, ಪಾದದ ಮೇಲ್ಭಾಗದಲ್ಲಿ ಕಟ್ಟುತ್ತೇನೆ. ಹಿಮ್ಮಡಿಯ ಬಿಗಿಯನ್ನೂ ಸ್ವಲ್ಪ ಸಡಿಲ ಮಾಡುತ್ತೇನೆ.

ಅಪ್ಪ ಮಂಡಿಯ ಮನುಷ್ಯ. ‘ಸಾರ್, ಈ ಕಡೆ ಹಮಾಲಿನ ಆ ಕಡೆ ಹಾಕ್ಕಂಡ್ರೆ ಈ ಕಡೆ ಕೆಲಸಕ್ಕೆ ಯಾರು?’ ಅಂದ.

‘ಅಕ್ಕಪಕ್ಕದವು ಹಂಚಿಕೊಳ್ಳುತ್ತವೆ. ಸ್ವಲ್ಪ ಕಮ್ಮಿಯಾಗುತ್ತದೆ, ನಷ್ಟ ಏನಿಲ್ಲ.’

‘ಹೊಸ ಜಾಗ್ದಾಗೆ ಅದು ಕೆಲಸ ಮಾಡೇ ಮಾಡ್ತೈತಾ?’

ಡಾಕ್ಟರು ಈ ಪ್ರಶ್ನೆಗೆ ನನ್ನ ಮುಖ ನೋಡಿದರು. ‘ಜಾಗ ಬದಲಾಗಿದೆ ಅಂತ ಅದಕ್ಕೆ ಗೊತ್ತಿರುವುದಿಲ್ಲಮ್ಮ. ನೀನು ಒಳಕ್ಕೆ ಎಳಿ ಅಂದರೆ ಎಳೆಯುತ್ತದೆ, ಪಾದ ಮೇಲಕ್ಕೆ ಬರುತ್ತದೆ. ಮೇಲಕ್ಕೆ ಎತ್ತು ಅಂದರೆ ಸುಮ್ಮನಿರುತ್ತದೆ. ಆ ಅಪ್ಪಣೆ ಕೇಳುತ್ತಿದ್ದದ್ದು ಸತ್ತುಹೋಗಿದೆ. ಕಟ್ಟುವುದು ನನ್ನ ಕೆಲಸ, ಕಲಿಸುವುದು ನಿನ್ನದು. ಕಲಿಯದೆ ಉಳಿದವರೂ ಇದ್ದಾರೆ.’

ಆ ಕೊನೆಯ ಮಾತನ್ನು ಅಪ್ಪ ಮನೆಯಲ್ಲಿ ಹೇಳಲಿಲ್ಲ. ನಾನು ಅಜ್ಜಿಯ ಮುಂದೆ ಹೇಳಿದೆ. ಅವಳು ಬತ್ತಿ ಹೊಸೆಯುತ್ತ ಕೇಳಿಸಿಕೊಂಡಳು.

ಆಪರೇಷನ್ ಆಯಿತು. ನೋವಿನ ವಿಷಯ ಬಿಡಿ, ಎಲ್ಲರ ನೋವೂ ಒಂದೇ ಥರ ಇರುತ್ತದೆ. ಸಿಮೆಂಟಿನ ಪಟ್ಟಿ ಬಿಚ್ಚುವವರೆಗೂ, ಆಮೇಲೂ, ನಾನು ಚನ್ನಗಿರಿಯಲ್ಲೇ ಇದ್ದೆ. ದಾವಣಗೆರೆಗೆ ಹೋಗಿ ಬರಲು ಅಲ್ಲಿಂದ ಬಸ್ಸು ಸಲೀಸು, ಅಪ್ಪನ ಬಾಡಿಗೆ ಕೋಣೆಯ ಪಕ್ಕದಲ್ಲೇ ಸೋದರತ್ತೆಯ ಮನೆ ಇತ್ತು. ಪಟ್ಟಿ ಬಿಚ್ಚಿದ ದಿನ ಕಾಲು ನೋಡಿ ಗಾಬರಿಯಾಯಿತು. ಮೊದಲೇ ಬಡಕಲು, ಈಗ ಹೊಲಿಗೆ ಬೇರೆ. ಪಾದವನ್ನು ಮೇಲಕ್ಕೆತ್ತಲು ನೋಡಿದೆ. ಅದು ಬೇರೆಯವರ ಪಾದದ ಹಾಗೆ ಬಿದ್ದುಕೊಂಡಿತ್ತು. ಒಳಕ್ಕೆ ಅಂದೆ. ಹೊಸ ಹೊಲಿಗೆಯ ಹತ್ತಿರ ಚರ್ಮದ ಕೆಳಗೆ ಒಂದು ಎಳೆ, ಬಟ್ಟೆ ಒಣಹಾಕುವ ಹಗ್ಗ ಬಿಗಿದಂತೆ, ಚೂರು ಮೇಲೆದ್ದು ಕೂತಿತು. ಪಾದ ಅಲುಗಿತೋ ಇಲ್ಲವೋ ಗೊತ್ತಿಲ್ಲ, ನಾನು ಮಾತ್ರ ಮತ್ತೊಮ್ಮೆ ಒಳಕ್ಕೆ ಅಂದೆ.

ಆಮೇಲಿನದು ಬೇಜಾರಿನ ಕೆಲಸ. ಅಡಿಕೆ ಆರಿಸುವ ಹೆಂಗಸರು ಬೀದಿಯಲ್ಲಿ ಹರಟುತ್ತ ಮನೆಗೆ ಹೋಗುವುದನ್ನು ಕಿಟಕಿಯಿಂದ ನೋಡುತ್ತ, ‘ಒಳಕ್ಕೆ, ಒಳಕ್ಕೆ’ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಹುಟ್ಟಿದಾಗಿನಿಂದ ಬಂದ ಅಭ್ಯಾಸ ಬಿಡುವುದು ಹುಡುಗಾಟವಲ್ಲ. ಹೆಜ್ಜೆ ಎತ್ತುವಾಗ ಮನಸ್ಸು ತಾನಾಗಿಯೇ ‘ಮೇಲಕ್ಕೆ’ ಅನ್ನುತ್ತದೆ, ಪಾದ ಜೋತು ಬೀಳುತ್ತದೆ. ಒಳಕ್ಕೆ ಅಂದುಕೊಂಡರೆ ಏಳುತ್ತದೆ, ಆದರೆ ಅಷ್ಟರಲ್ಲಿ ಹೆಜ್ಜೆ ಮುಗಿದಿರುತ್ತದೆ. ಅತ್ತೆ ಬಂದು ನೋಡಿ, ‘ಅದ್ಯಾಕೆ ಕಾಲಿನ ಜೊತೆ ಜಗಳ ಆಡ್ತಾ ಕುಂತೀಯೇ?’ ಅನ್ನುತ್ತಿದ್ದಳು. ಜಗಳವೇ ಅದು. ಅಪ್ಪ ಒಂದು ಸೋಮವಾರ ನ್ಯಾಮತಿಯಿಂದ ಬರುವಾಗ ಜೇಬಿನಲ್ಲಿ ಒಂದು ದಾರ ತಂದ. ಮನೆಯ ಹೊಸ್ತಿಲಿನ ಎತ್ತರ ಅಳೆದು ಗಂಟು ಹಾಕಿಕೊಂಡು ಬಂದಿದ್ದ. ಅದೇ ಎತ್ತರಕ್ಕೆ ಹಲಗೆಯೊಂದನ್ನು ಕೋಣೆಯ ಬಾಗಿಲಿಗೆ ಅಡ್ಡ ಬಡಿದು, ‘ಇಲ್ಲಿ ದಾಟಿದ್ರೆ ಅಲ್ಲೂ ದಾಟ್ತೀಯ’ ಅಂದು ಮಂಡಿಗೆ ಹೋದ. ಅಪ್ಪನಿಗೆ ನನ್ನ ಆಸೆ ಗೊತ್ತಿತ್ತೆಂದು ನನಗೆ ಗೊತ್ತಾದದ್ದು ಅವತ್ತು.

ಆ ಹಲಗೆಗೆ ಎಷ್ಟು ಸಲ ಎಡವಿದೆನೋ. ಬೆರಳಿನ ತುದಿ ಕಿತ್ತು, ಮಾಗಿ, ಮತ್ತೆ ಕಿತ್ತಿತು. ಮಳೆಗಾಲ ಕಳೆಯುವ ಹೊತ್ತಿಗೆ ಮುಟ್ಟದೆ ದಾಟುವುದು ಬಂತು, ಮನಸ್ಸಿಟ್ಟು ಹೇಳಿಕೊಂಡರೆ. ಡಾಕ್ಟರು ಇನ್ನು ಮನೆಗೆ ಹೋಗಬಹುದು ಅಂದರು. ನಾನು ಶುಕ್ರವಾರವೇ ಹೋಗೋಣ ಎಂದೆ.

ಚನ್ನಗಿರಿಯಿಂದ ಹೊನ್ನಾಳಿ, ಅಲ್ಲಿ ಬಸ್ಸು ಬದಲಿಸಿ ನ್ಯಾಮತಿ. ಹೊಳೆಯ ಸೇತುವೆ ದಾಟುವಾಗ ಮರಳನ್ನು ನೋಡಿದೆ, ಏನೂ ಅನ್ನಿಸಲಿಲ್ಲ. ತಲೆಬಾಗಿಲಿನ ಒಳಗೆ ಅವ್ವ ಆರತಿ ನೀರು ಹಿಡಿದು ನಿಂತಿದ್ದಳು, ಹಿಂದೆ ಅಜ್ಜಿ. ನಾನು ಯಾರ ಮುಖವನ್ನೂ, ನೆಲವನ್ನೂ ನೋಡದೆ ‘ಒಳಕ್ಕೆ’ ಅಂದುಕೊಂಡು, ಆ ಹಲಗೆಯ ಎತ್ತರಕ್ಕೆ ಕಾಲೆತ್ತಿ ಹಾಕಿದೆ. ಕಾಲಿನ ಕೆಳಗೆ ಹೊಸ್ತಿಲು ಇರಬೇಕಾದಲ್ಲಿ ಏನೂ ಇರಲಿಲ್ಲ. ಇಲ್ಲದ ಮೆಟ್ಟಿಲು ಹತ್ತಿದ ಹಾಗೆ ದಬಕ್ಕನೆ ಮುಂದಕ್ಕೆ ವಾಲಿದೆ, ಅವ್ವ ಒಂದು ಕೈಯಿಂದ ಹಿಡಿದುಕೊಂಡಳು.

ಹೊಸ್ತಿಲಿನ ನಡುಭಾಗವನ್ನು ಒಬ್ಬರು ನುಗ್ಗುವಷ್ಟು ಅಗಲ ಕಡಿದು ತೆಗೆದಿದ್ದರು. ನೆಲದ ಮಟ್ಟಕ್ಕೆ ಒಂದು ತೆಳು ಪಟ್ಟಿ ಮಾತ್ರ ಉಳಿದಿತ್ತು. ಹೊಸದಾಗಿ ಕಡಿದ ಮರದ ಮೇಲೂ ಅರಿಸಿನ ಬಳಿದಿತ್ತು, ವಿಭೂತಿ ಎಳೆದಿತ್ತು.

‘ಯಾರು ಕಡಿದಿದ್ದು ಇದನ್ನ?’

‘ನಾನೇ ಕಡಿಸ್ದೆ’ ಅಂದಳು ಅಜ್ಜಿ. ‘ಬಡಗಿ ಮುಟ್ಟಾಕೆ ಒಲ್ಲೆ ಅಂದ, ಹೆದ್ರಿದ. ಪಾಪ ಬಂದ್ರೆ ನಂಗೇ ಬರ್ಲಿ ಕಡಿಯೋ ಅಂದೆ. ಕಲಿಯದೇ ಉಳ್ದೋರೂ ಅದಾರೆ ಅಂದಿದ್ರಂತಲ್ಲ ಡಾಕ್ಟ್ರು. ನಿಂಗೆ ಕಾಲು ಎತ್ತಾಕೆ ಬರ್ದೇ ಇದ್ರೂ ಮುಂದ್ಲಾಗಿಂದ್ಲೇ ಬರ್ಬೇಕು ಅಂತ.’

‘ಲಕ್ಷ್ಮಿ ಕೂರೋದು ಎಲ್ಲಿ ಹಂಗಾದ್ರೆ?’

‘ಎರಡು ಕಡೆ ಅಷ್ಟಷ್ಟು ಉಳಿದೈತಲ್ಲವ್ವ. ಸರ್ಕಂಡು ಕೂರ್ತಾಳೆ.’

ಈಗ ನೆನೆದರೆ ನನ್ನ ಅಜ್ಜಿಯಂಥವಳು ಆಡಿದ ಅತಿ ದೊಡ್ಡ ಮಾತು ಅದು. ಅವತ್ತು ನನಗೆ ಬಂದದ್ದು ಸಿಟ್ಟು. ತಿಂಗಳುಗಟ್ಟಲೆ ಜಗಳವಾಡಿ ಕಲಿತದ್ದನ್ನು ತೋರಿಸಲು ಜಾಗವೇ ಇಲ್ಲದ ಹಾಗೆ ಮಾಡಿದ್ದಾಳಲ್ಲ ಎಂದು ಮೈಯೆಲ್ಲ ಉರಿಯಿತು. ಹೊಸ್ತಿಲು ಮೊದಲಿನ ಹಾಗೆ ಆಗುವವರೆಗೂ ನಾನು ಹಿತ್ತಲಿನಿಂದಲೇ ಓಡಾಡುತ್ತೇನೆ ಎಂದು ಕೂಗಿ, ಹಾಗೇ ತಿರುಗಿ ಸಂದಿ ಹಿಡಿದು ಹೊರಟೆ. ಆರತಿ ನೀರು ಅವ್ವನ ಕೈಯಲ್ಲೇ ಉಳಿಯಿತು. ‘ಥೇಟ್ ನಿನ್ನಂಗೇ ಐತೆ ಬಿಡು’ ಎಂದು ಅಪ್ಪ ಅಜ್ಜಿಗೆ ಹೇಳಿದ್ದು ಸಂದಿಯವರೆಗೂ ಕೇಳಿಸಿತು.

ಹಠ ಇಬ್ಬರದೂ ಗಟ್ಟಿ. ನಾನು ಹಿತ್ತಲಿನಿಂದ ಬರುತ್ತಿದ್ದೆ, ಅಜ್ಜಿ ನನ್ನ ಕಡೆ ನೋಡದೆ ರೊಟ್ಟಿ ಬಡಿಯುತ್ತಿದ್ದಳು. ಕೊನೆಗೊಂದು ದಿನ ಅವಳೇ ಬಡಗಿಯನ್ನು ಮತ್ತೆ ಕರೆಸಿದಳು. ಕಡಿದ ತುಂಡನ್ನು ಒಲೆಗೆ ಹಾಕಿರಲಿಲ್ಲ, ದೇವರ ಜಗಲಿಯ ಮೇಲೆ ಇಟ್ಟು ದಿನಾ ಅದಕ್ಕೂ ವಿಭೂತಿ ಹಚ್ಚುತ್ತಿದ್ದಳು. ಬಡಗಿ ಅದನ್ನು ಮೊದಲಿನ ಜಾಗದಲ್ಲಿ ಕೂರಿಸಿ, ಅಲುಗಾಡದ ಹಾಗೆ ಎರಡು ಕಬ್ಬಿಣದ ಪಟ್ಟಿ ಹೊಡೆದ. ಹೊಸ್ತಿಲಿಗೂ ನನ್ನ ಕಾಲಿನ ಹಾಗೆ ಗುರುತು ಬಿತ್ತು.

ಮುಂದಿನ ಶುಕ್ರವಾರ ದಾಟಿದೆ. ಎಲ್ಲರೂ ನೋಡುತ್ತಿದ್ದರು. ಆ ಗಾಬರಿಯಲ್ಲಿ ಮನಸ್ಸು ‘ಮೇಲಕ್ಕೆ’ ಎಂದುಬಿಟ್ಟಿತು. ಹೆಬ್ಬೆರಳು ಅಡ್ಡಕ್ಕೆ ಸವರಿಕೊಂಡು ಬಂತು, ಅರಿಸಿನ ಉಗುರಿನವರೆಗೂ ಮೆತ್ತಿತು. ಅಜ್ಜಿ ‘ಆಗ್ಲಿ ಬಿಡವ್ವ’ ಅಂದಳು, ಹಿತ್ತಲಿನ ಮಾತು ಎತ್ತಲಿಲ್ಲ. ಹಿಂದೆಂದೂ ಕಾಣದಷ್ಟು ನಾಚಿಕೆಯಾಯಿತು. ಆಮೇಲಿನ ದಿನಗಳಲ್ಲಿ ಒಮ್ಮೆ ಅಂಟುತ್ತಿತ್ತು, ಒಮ್ಮೆ ಇಲ್ಲ. ‘ಒಳಕ್ಕೆ’ ಎಂದು ಹೇಳಿಕೊಳ್ಳುವುದು ಯಾವಾಗ ನಿಂತಿತೋ ನನಗೆ ತಿಳಿಯದು. ಜಾಗ ಬದಲಾಗಿದೆಯೆಂದು ಆ ಸ್ನಾಯುವಿಗೆ ಯಾವಾಗಲೋ ಗೊತ್ತಾಗಿರಬೇಕು. ಯಾವ ಅಪ್ಪಣೆಗೂ ಕಾಯದೆ ಪಾದ ಎತ್ತತೊಡಗಿತು.

ಅದು ನನ್ನ ಅರಿವಿಗೆ ಬಂದದ್ದು ಸಂಕ್ರಾಂತಿ ಕಳೆದ ಮೇಲೆ, ಒಂದು ಶುಕ್ರವಾರ ಬೆಳಿಗ್ಗೆ. ಬೀದಿಯ ನಲ್ಲಿಯಿಂದ ಕೊಡ ಹೊತ್ತು ಬಂದೆ. ಅಜ್ಜಿ ಹೊಸ್ತಿಲ ಮುಂದೆ ಅರಿಸಿನದ ಬಟ್ಟಲು ಇಟ್ಟುಕೊಂಡು ಕೂತಿದ್ದಳು, ಬಳಿದದ್ದು ಇನ್ನೂ ಹಸಿ. ನೀರು ತುಳುಕದ ಹಾಗೆ ನೋಡಿಕೊಳ್ಳುತ್ತ ದಾಟಿ ಒಳಗೆ ಹೋಗುತ್ತಿದ್ದೆ. ಅಜ್ಜಿ ನನ್ನ ಬಲಗಾಲಿನ ಗಿಣ್ಣು ಹಿಡಿದುಕೊಂಡಳು.

‘ನಿಂದ್ರು.’

ಕೊಡ ಸೊಂಟದಲ್ಲೇ ಇಟ್ಟುಕೊಂಡು ನಿಂತೆ. ಅವಳು ನನ್ನ ಪಾದವನ್ನು ಬೆಳಕಿಗೆ ತಿರುಗಿಸಿದಳು. ಹೆಬ್ಬೆರಳನ್ನು ತನ್ನ ಹೆಬ್ಬೆರಳಿನಿಂದ ಉಜ್ಜಿದಳು. ಏನೂ ಇರಲಿಲ್ಲ, ನಲ್ಲಿಯ ನೀರಿನ ಒದ್ದೆ ಬಿಟ್ಟರೆ. ಹೊಸ್ತಿಲು ನೋಡಿದಳು, ಅದರ ಮೇಲೂ ಗೀರು ಬಿದ್ದಿರಲಿಲ್ಲ. ಸ್ವಲ್ಪ ಹೊತ್ತು ಹಾಗೇ ಕಾಲು ಹಿಡಿದುಕೊಂಡು ಕೂತಳು. ಆಮೇಲೆ ಬಟ್ಟಲಿನಲ್ಲಿ ಬೆರಳು ಅದ್ದಿ ನನ್ನ ಹೆಬ್ಬೆರಳಿಗೆ ಅರಿಸಿನ ಹಚ್ಚಿದಳು.

‘ಬೆರಳು ಬಣಬಣ ಅಂತೈತೆ ಕಣವ್ವ, ಅದಿಲ್ದೆ’ ಅಂದಳು.

ಕೊಡ ಭಾರವಾಗಿತ್ತು. ಆದರೂ ಅವಳು ಬಿಡುವವರೆಗೆ ನಾನು ಕಾಲು ಎಳೆದುಕೊಳ್ಳಲಿಲ್ಲ.